ಕಲಬುರಗಿ ಬಿಸಿಲಿಗೆ ಪ್ರೊಸೆಸರ್ 95 ಡಿಗ್ರಿ: ಯಾವ ಥರ್ಮಲ್ ಪೇಸ್ಟ್ ತರಲಿ?

ತೊಗರಿ_ಕಣಜ · ಗುರುವಾರ, ರಾತ್ರಿ 11:20

ಎಲ್ಲರಿಗೂ ಶರಣು. ಕಲಬುರಗಿಯಿಂದ ಬರೆಯುತ್ತಿದ್ದೇನೆ. ಮದುವೆ ವಿಡಿಯೋ ಎಡಿಟಿಂಗ್ ನನ್ನ ಕೆಲಸ. ಮೇ ತಿಂಗಳು, ಸೀಸನ್ ಜೋರಾಗಿದೆ, ನಾಲ್ಕು ಮದುವೆಯ ಫೈಲುಗಳು ಹಾಗೇ ಕೂತಿವೆ. ಕಂಪ್ಯೂಟರ್ ಮಾತ್ರ ಕೈ ಕೊಡುತ್ತಿದೆ.

ಪ್ರೊಸೆಸರ್ ರೈಜನ್ 5 3600. 2019ರ ದೀಪಾವಳಿಗೆ ತಗೊಂಡಿದ್ದು. ಅದನ್ನು ತಣ್ಣಗಿಡಲು ಬಾಕ್ಸಿನಲ್ಲೇ ಬಂದ ಕೂಲರ್ (ಲೋಹದ ರೆಕ್ಕೆಗಳು, ಮೇಲೊಂದು ಫ್ಯಾನು) ಇದೆ, ಇಲ್ಲಿಯವರೆಗೆ ಒಮ್ಮೆಯೂ ಬಿಚ್ಚಿಲ್ಲ. ಸುಮ್ನೆ ಬಿಟ್ಟಾಗ 58 ಡಿಗ್ರಿ. ರೆಂಡರ್‌ಗೆ (ಎಡಿಟ್ ಮಾಡಿದ್ದನ್ನು ಪೂರ್ತಿ ವಿಡಿಯೋ ಫೈಲಾಗಿ ತೆಗೆಯಲಿಕ್ಕೆ) ಹಾಕಿದರೆ ಐದೇ ನಿಮಿಷದಲ್ಲಿ 95. ಆಮೇಲೆ ಸ್ಪೀಡು 3.9 ಗಿಗಾಹರ್ಟ್ಸ್‌ನಿಂದ 3.3ಕ್ಕೆ ಇಳಿಯುತ್ತದೆ. ಫ್ಯಾನು ಹಿಟ್ಟಿನ ಗಿರಣಿ ಥರ ಕೂಗುತ್ತದೆ. ಈಗ ರಾತ್ರಿ ಹನ್ನೊಂದು ದಾಟಿದೆ, ರೂಮಿನಲ್ಲಿ ಇನ್ನೂ 36 ಡಿಗ್ರಿ. ಎಸಿ ಇಲ್ಲ, ನೀರು ಹಾಕುವ ಕೂಲರ್ ಇದೆ. (ನಮ್ಮ ಕಡೆ ಕೂಲರ್ ಅಂದರೆ ಅದೊಂದೇ. ಮನೆಯಲ್ಲಿ ‘ಕೂಲರ್ ಬಿಚ್ಚಬೇಕು’ ಅಂದಿದ್ದಕ್ಕೆ ಅಪ್ಪ ‘ಮೇ ತಿಂಗಳಲ್ಲಾ? ತಲೆ ಕೆಟ್ಟಿದೆಯಾ?’ ಅಂತ ಬೈದರು.)

ಊರಿನ ಅಂಗಡಿಯವರೊಬ್ಬರು ಪೆಟ್ಟಿಗೆ ಬಿಚ್ಚಿಯೂ ನೋಡದೆ ‘ಪೇಸ್ಟ್ ಒಣಗಿದೆ, 1500 ಆಗ್ತದೆ’ ಅಂದರು. (ಪ್ರೊಸೆಸರಿಗೂ ಕೂಲರಿಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್.) ನಾನೇ ಹಾಕೋಣ ಅಂದುಕೊಂಡೆ. ಯಾವ ಪೇಸ್ಟ್ ತರಲಿ? ಎಷ್ಟು ಹಾಕಲಿ? ಹಳೆಯದನ್ನು ತೆಗೆಯುವುದು ಹೇಗೆ? ಟೂತ್‌ಪೇಸ್ಟ್ ಹಾಕಿದರೂ ನಡೆಯುತ್ತದೆ ಅಂತ ಒಂದು ವಿಡಿಯೋ ನೋಡಿದೆ, ನಿಜವಾ?

ಓವರ್‌ಕ್ಲಾಕ್_ಪುಟ್ಟ · ಗುರುವಾರ, ರಾತ್ರಿ 11:31

ಗುರು, ಪೇಸ್ಟ್ ಎಲ್ಲ ಹಳೇ ಕಾಲದ್ದು. ಲಿಕ್ವಿಡ್ ಮೆಟಲ್ ಹಾಕು. ಪೇಸ್ಟ್ ಡಬ್ಬಿ ಮೇಲೆ 8, 12 ಅಂತ ಬರೆದಿರುತ್ತದೆ. ಲಿಕ್ವಿಡ್ ಮೆಟಲ್ ಮೇಲೆ 73! ಪಿಎಸ್5 ಗೇಮ್ ಯಂತ್ರದ ಒಳಗೂ ಅದೇ ಇರುವುದು. ಎರಡು ಹನಿ ಸಾಕು, ಫ್ರಿಜ್ ಥರ ಆಗುತ್ತದೆ.

ಬಿಚ್ಚಿದ_ಲ್ಯಾಪ್‌ಟಾಪ್ · ಗುರುವಾರ, ರಾತ್ರಿ 11:48

ಪುಟ್ಟಾ, ಸ್ವಲ್ಪ ತಡಿಯಪ್ಪ. ಅವರ ಕೂಲರ್ ನೋಡಿದ್ದೀಯಾ? 3600 ಜೊತೆ ಬರುವುದು ಅಲ್ಯೂಮಿನಿಯಂ ತಳದ್ದು. ಲಿಕ್ವಿಡ್ ಮೆಟಲ್ ಅಂದರೆ ಗ್ಯಾಲಿಯಂ, ಇಂಡಿಯಂ, ತವರ ಬೆರೆಸಿದ ಮಿಶ್ರಲೋಹ. ಗ್ಯಾಲಿಯಂ ಅಲ್ಯೂಮಿನಿಯಂ ಒಳಗೆ ಇಳಿದು ಅದನ್ನು ಹಪ್ಪಳದ ಹಾಗೆ ಪುಡಿ ಮಾಡಿಬಿಡುತ್ತದೆ. ತಾಮ್ರದ ತಳ ಆದರೆ ಕಲೆ ಬೀಳುತ್ತದೆ ಅಷ್ಟೇ, ಅಲ್ಯೂಮಿನಿಯಂಗೆ ಉಳಿಗಾಲ ಇಲ್ಲ. ಮೇಲಾಗಿ ಅದರಲ್ಲಿ ಕರೆಂಟ್ ಹರಿಯುತ್ತದೆ. ಒಂದು ಹನಿ ಬೋರ್ಡಿಗೆ ಬಿದ್ದರೆ ಬೋರ್ಡು ಹೋಯಿತು. ಪಿಎಸ್5ನಲ್ಲಿ ಅದು ಆಚೆ ಹರಿಯದ ಹಾಗೆ ಸುತ್ತ ಕಟ್ಟು ಹಾಕಿ ಕೂರಿಸಿದ್ದಾರೆ. ಮನೆಯಲ್ಲಿ ಇಯರ್‌ಬಡ್ ಹಿಡಿದು ಹಚ್ಚುವ ಕೆಲಸ ಬೇರೆ.

ತೊಗರಿ ಅಣ್ಣ, ನಾನು ಹುಬ್ಬಳ್ಳಿಯಲ್ಲಿ ರಿಪೇರಿ ಮಾಡುವವಳು. ಪೇಸ್ಟ್ ವಿಷಯ ಆಮೇಲೆ. ಮೊದಲು ಪೆಟ್ಟಿಗೆಯ ಪಕ್ಕದ ಬಾಗಿಲು ತೆಗೆದು, ಮೊಬೈಲ್ ಟಾರ್ಚ್ ಹಾಕಿ, ಫ್ಯಾನಿನ ಎಸಳುಗಳ ಸಂದಿಯಿಂದ ಕೆಳಗೆ ನೋಡಿ. ಅಲ್ಯೂಮಿನಿಯಂ ರೆಕ್ಕೆಗಳು ಕಾಣುತ್ತವಾ? ಫೋಟೋ ಹಾಕಿ.

ಎಸ್‌ಪಿ_ರೋಡ್_ಸುತ್ತಾಟ · ಶುಕ್ರವಾರ, ಬೆಳಿಗ್ಗೆ 7:05

ಟೂತ್‌ಪೇಸ್ಟ್ ಪ್ರಶ್ನೆಗೆ: ಮೊದಲ ಒಂದೆರಡು ಗಂಟೆ ನಿಜಕ್ಕೂ ಕೆಲಸ ಮಾಡುತ್ತದೆ. ಅದಕ್ಕೇ ವಿಡಿಯೋದಲ್ಲಿ ಚೆನ್ನಾಗಿ ಕಾಣುವುದು. ಅದರಲ್ಲಿ ನೀರಿರುತ್ತದೆ. ನೀರು ಆವಿಯಾದ ಮೇಲೆ ಉಳಿಯುವುದು ಒಣಗಿದ ಸುಣ್ಣದ ಹಾಗೆ. ವಿಡಿಯೋ ಮಾಡಿದವರು ಮರುದಿನದ ಟೆಂಪರೇಚರ್ ತೋರಿಸುವುದಿಲ್ಲ.

ಪೇಸ್ಟ್ ಬೇಕೇ ಬೇಕು ಅಂದರೆ ಆರ್ಕ್ಟಿಕ್ ಎಂಎಕ್ಸ್-4, 4 ಗ್ರಾಂ ಸಿರಿಂಜ್. ಇಲ್ಲವೇ ನಾಕ್ಟುವಾ ಎನ್‌ಟಿ-ಎಚ್1. ಎರಡರಲ್ಲೂ ಕರೆಂಟ್ ಹರಿಯುವುದಿಲ್ಲ, ಎರಡೂ ವರ್ಷಗಟ್ಟಲೆ ಬಾಳುತ್ತವೆ, ಹಚ್ಚಲಿಕ್ಕೂ ಸುಲಭ. ಅಂಗಡಿಯಲ್ಲಿ ಚಿಲ್ಲರೆಯಾಗಿ ಸಿಗುವ ಬೂದು ಬಣ್ಣದ ಎಚ್‌ವೈ510 ಸ್ಯಾಚೆಟ್ ಮೇಲೆ 1.93 ಅಂತ ಇರುತ್ತದೆ. ಅದು ಕೂಡ ಟೂತ್‌ಪೇಸ್ಟ್‌ಗಿಂತ ಸಾವಿರ ಪಾಲು ಮೇಲು. ಹೆಸರಿರುವ ಪೇಸ್ಟುಗಳ ನಕಲಿ ಮಾಲು ಆನ್‌ಲೈನಿನಲ್ಲಿ ಜಾಸ್ತಿ. ಅರ್ಧ ಬೆಲೆಗೆ ಕೊಡುತ್ತೇವೆ ಅಂದರೆ ಸಿರಿಂಜ್ ಒಳಗೆ ಏನಿದೆಯೋ ದೇವರೇ ಬಲ್ಲ.

ತೊಗರಿ_ಕಣಜ · ಶುಕ್ರವಾರ, ಬೆಳಿಗ್ಗೆ 9:40

ಎಂಎಕ್ಸ್-4 ಆರ್ಡರ್ ಮಾಡಿದೆ, ನಾಳೆ ಬರುತ್ತದೆ. ಅಕ್ಕ, ಫೋಟೋ ಹಾಕಿದ್ದೇನೆ ನೋಡಿ. ರೆಕ್ಕೆ ಎಲ್ಲಿ ಅಂತ ನನಗೂ ಗೊತ್ತಾಗಲಿಲ್ಲ. ಕಂಬಳಿ ಹೊದಿಸಿದ ಹಾಗಿದೆ.

ಬಿಚ್ಚಿದ_ಲ್ಯಾಪ್‌ಟಾಪ್ · ಶುಕ್ರವಾರ, ಬೆಳಿಗ್ಗೆ 10:02

ಇದನ್ನೇ ಅಂದಿದ್ದು. ಅದು ಧೂಳಲ್ಲ ಅಣ್ಣ, ಹಾಸಿಗೆ. ಫ್ಯಾನು ಎಷ್ಟು ಕೂಗಿದರೂ ಗಾಳಿ ಒಳಗೆ ಹೋಗುತ್ತಿಲ್ಲ. ನೀರಿನ ಕೂಲರ್ ಪಕ್ಕದಲ್ಲೇ ಪೆಟ್ಟಿಗೆ ಇಟ್ಟಿದ್ದೀರಿ ಅಂತ ಕಾಣುತ್ತದೆ. ತೇವಕ್ಕೆ ಧೂಳು ಅಂಟಿಕೊಂಡು ಪದರ ಕಟ್ಟಿದೆ. ಪೆಟ್ಟಿಗೆಯನ್ನು ಇನ್ನೊಂದು ಗೋಡೆಗೆ ಇಡಿ.

ಈಗ ಮಾಡಬೇಕಾದ್ದು: ಕರೆಂಟ್ ವೈರ್ ತೆಗೆದು, ಪೆಟ್ಟಿಗೆಯನ್ನು ಅಂಗಳಕ್ಕೆ ಒಯ್ಯಿರಿ. ಒಣಗಿದ ಪೇಂಟ್ ಬ್ರಷ್‌ನಿಂದ ಕೆದಕಿ. ಬ್ಲೋವರ್ ಸಿಕ್ಕರೆ ಒಳ್ಳೆಯದು. ಆದರೆ ಗಾಳಿ ಬಿಡುವಾಗ ಫ್ಯಾನನ್ನು ಬೆರಳಿನಿಂದ ಒತ್ತಿ ಹಿಡಿಯಿರಿ, ಗಿರಗಿರ ತಿರುಗಲು ಬಿಡಬೇಡಿ, ಬೇರಿಂಗ್ ಹಾಳಾಗುತ್ತದೆ. ಕೂಲರ್ ಬಿಚ್ಚಬೇಡಿ. ಆಮೇಲೆ ಅದೇ ರೆಂಡರ್ ಹಾಕಿ ಟೆಂಪರೇಚರ್ ಹೇಳಿ.

ಲೆಕ್ಕದ_ಮೇಷ್ಟ್ರು · ಶುಕ್ರವಾರ, ಮಧ್ಯಾಹ್ನ 1:15

8, 12, 73 ಅಂತ ಡಬ್ಬಿ ನಂಬರ್ ಹೇಳಿದ್ದಾರಲ್ಲ, ಅದರ ಮೇಲೆ ಒಂದು ಲೆಕ್ಕ ಹಾಕೋಣ. ಮಕ್ಕಳಿಗೆ ರಜೆ, ನನಗೂ ಕೈ ಖಾಲಿ.

ಆ ನಂಬರ್ ಅಂದರೆ ಶಾಖ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವ ಅಳತೆ. ತಾಮ್ರಕ್ಕೆ ಸುಮಾರು 400. ಅಲ್ಯೂಮಿನಿಯಂಗೆ 200ರ ಆಸುಪಾಸು. ಗಾಳಿಗೆ 0.026. ಪ್ರೊಸೆಸರಿನ ಲೋಹದ ಮುಚ್ಚಳವೂ ಕೂಲರಿನ ತಳವೂ ಕಣ್ಣಿಗೆ ನುಣುಪಾಗಿ ಕಾಣುತ್ತವೆ. ನಿಜಕ್ಕೂ ಎರಡರ ಮೇಲೂ ಸಣ್ಣ ಸಣ್ಣ ಗೀರು, ತಗ್ಗು ಇವೆ. ಬರಿದೆ ಒತ್ತಿದರೆ ಆ ತಗ್ಗುಗಳಲ್ಲಿ ಗಾಳಿ ಕೂರುತ್ತದೆ. ಪೇಸ್ಟ್ ಇರುವುದೇ ಆ ಗಾಳಿಯನ್ನು ಹೊರಗೆ ಹಾಕಲಿಕ್ಕೆ.

ಪೇಸ್ಟಿನ ಪದರ 0.05 ಮಿಲಿಮೀಟರ್ ದಪ್ಪ ಅಂತ ಹಿಡಿಯೋಣ. ಶಾಖ ಹಾದು ಹೋಗುವ ಜಾಗ 500 ಚದರ ಮಿಲಿಮೀಟರ್. 3600 ಪೂರ್ತಿ ಲೋಡಿನಲ್ಲಿ ಎಳೆಯುವುದು ಹೆಚ್ಚೆಂದರೆ 88 ವ್ಯಾಟ್. ದಪ್ಪವನ್ನು ಡಬ್ಬಿ ನಂಬರಿನಿಂದಲೂ ಜಾಗದಿಂದಲೂ ಭಾಗಿಸಿ, ವ್ಯಾಟ್‌ನಿಂದ ಗುಣಿಸಿದರೆ ಆ ಪದರದಲ್ಲಿ ಎಷ್ಟು ಡಿಗ್ರಿ ಕಳೆದುಹೋಗುತ್ತದೆ ಅಂತ ಸಿಗುತ್ತದೆ.

4ರ ಪೇಸ್ಟ್ ಆದರೆ 2.2 ಡಿಗ್ರಿ. 8ರದ್ದಾದರೆ 1.1. 12ರದ್ದಾದರೆ 0.7. ಗಾಳಿಯೇ ಇದ್ದರೆ 300 ದಾಟುತ್ತದೆ, ಅಂದರೆ ಅಷ್ಟರೊಳಗೆ ಯಂತ್ರ ತಾನೇ ಆಫ್ ಆಗಿರುತ್ತದೆ.

ಈಗ ನೋಡಿ. ಏನೂ ಇಲ್ಲದಿರುವುದಕ್ಕೂ ಸಾದಾ ಪೇಸ್ಟ್‌ಗೂ ಆಕಾಶ ಭೂಮಿಯಷ್ಟು ಅಂತರ. ಸಾದಾ ಪೇಸ್ಟ್‌ಗೂ ದುಬಾರಿ ಪೇಸ್ಟ್‌ಗೂ ಡಿಗ್ರಿ, ಒಂದೂವರೆ ಡಿಗ್ರಿ. ಪದರ ದಪ್ಪ ಆದರೆ, ಮುಚ್ಚಳ ಡೊಂಕಿದ್ದರೆ ಇದು ಎರಡು ಮೂರು ಪಟ್ಟು ಆಗಬಹುದು, ಒಪ್ಪುತ್ತೇನೆ. ಆದರೂ ಕಲಬುರಗಿಯಲ್ಲಿ ರೂಮಿನ ಬಿಸಿಯೇ ಬೆಂಗಳೂರಿಗಿಂತ 8–10 ಡಿಗ್ರಿ ಜಾಸ್ತಿ. ಅಷ್ಟೂ ನೇರವಾಗಿ ಪ್ರೊಸೆಸರ್ ಮೇಲೆ ಸೇರುತ್ತದೆ. ಇಂಟರ್ನೆಟ್ಟಿನಲ್ಲಿ ಯಾರೋ ಎಸಿ ರೂಮಿನಲ್ಲಿ ಕೂತು ‘ನನ್ನದು 72’ ಅಂದಿದ್ದನ್ನು ನಿಮ್ಮದಕ್ಕೆ ಹೋಲಿಸಬೇಡಿ. ರೂಮಿಗಿಂತ ಎಷ್ಟು ಜಾಸ್ತಿ ಅಂತ ನೋಡಿ.

ಓವರ್‌ಕ್ಲಾಕ್_ಪುಟ್ಟ · ಶುಕ್ರವಾರ, ಮಧ್ಯಾಹ್ನ 1:40

ಸರ್, ಪರೀಕ್ಷೆಗೆ ಬರುತ್ತಾ ಇದು?

ಲೆಕ್ಕದ_ಮೇಷ್ಟ್ರು · ಶುಕ್ರವಾರ, ಮಧ್ಯಾಹ್ನ 1:44

ಬರುತ್ತದೆ. 5 ಅಂಕ.

ಮೈಕಾ_ಮಾಮ · ಶುಕ್ರವಾರ, ಸಂಜೆ 5:30

ದಾವಣಗೆರೆಯಲ್ಲಿ 40 ವರ್ಷ ರೇಡಿಯೋ, ಟಿವಿ, ಜಾತ್ರೆ ಸೌಂಡ್ ಸಿಸ್ಟಮ್ ರಿಪೇರಿ ಮಾಡಿದವನು ನಾನು. ಕಂಪ್ಯೂಟರ್ ಹುಡುಗರು ಪೇಸ್ಟನ್ನು ಹೊಸದಾಗಿ ಕಂಡುಹಿಡಿದ ಹಾಗೆ ಮಾತಾಡುತ್ತೀರಿ, ನಗು ಬರುತ್ತದೆ. ನಮ್ಮ ಕಾಲದ ಆಂಪ್ಲಿಫೈಯರ್‌ನಲ್ಲಿ 2ಎನ್3055 ಅಂತ ದಪ್ಪನೆಯ ಲೋಹದ ಟ್ರಾನ್ಸಿಸ್ಟರ್ ಇರುತ್ತಿತ್ತು. ಅದರ ಹೊರಮೈಗೇ ಕರೆಂಟ್ ಇರುತ್ತದೆ. ಹಾಗಾಗಿ ಶಾಖ ಹೀರುವ ಲೋಹದ ಹೀಟ್‌ಸಿಂಕ್‌ಗೂ ಅದಕ್ಕೂ ನಡುವೆ ಅಭ್ರಕದ ಹಾಳೆ, ಮೈಕಾ ಅಂತೀವಲ್ಲ, ಅದನ್ನು ಇಡಬೇಕು. ಮೈಕಾದ ಎರಡೂ ಕಡೆ ಬಿಳಿ ಕಾಂಪೌಂಡ್. ಸಿಲಿಕೋನ್ ಎಣ್ಣೆಯಲ್ಲಿ ಜಿಂಕ್ ಆಕ್ಸೈಡ್ ಕಲಸಿದ್ದು. ಬಟ್ಟೆಗೆ ಹತ್ತಿದರೆ ಹೋಗುವುದಿಲ್ಲ. ನನ್ನ ಮದುವೆ ಫೋಟೋದಲ್ಲಿ ಅಂಗಿ ಕಿಸೆ ಮೇಲೆ ಒಂದು ಮಚ್ಚೆ ಇದೆ.

ನನಗೆ ಕೆಲಸ ಕಲಿಸಿದವರು ಒಂದೇ ಮಾತು ಹೇಳುತ್ತಿದ್ದರು: ಕೆಳಗಿನ ಲೋಹ ಮಸುಕಾಗಿ ಕಾಣುವಷ್ಟು ಹಚ್ಚು, ಅದಕ್ಕಿಂತ ಜಾಸ್ತಿ ಹಚ್ಚಿದರೆ ಕೈ ಮುರಿಯುತ್ತೇನೆ. ದಾವಣಗೆರೆಯವನಾಗಿ ಹೇಳುತ್ತಿದ್ದೇನೆ, ಇಲ್ಲಿ ಬೆಣ್ಣೆ ಜಾಸ್ತಿ ಹಾಕಬಾರದು.

ಬಿಚ್ಚಿದ_ಲ್ಯಾಪ್‌ಟಾಪ್ · ಶುಕ್ರವಾರ, ಸಂಜೆ 6:10

ಮಾಮ, ನಿಮ್ಮ ಕಾಲಕ್ಕೆ ಅದು ಸರಿ. ಎರಡು ಸ್ಕ್ರೂ, ನಡುವೆ ಮೈಕಾ, ಒತ್ತಡ ಕಮ್ಮಿ. ಈಗಿನ ಕೂಲರ್‌ಗಳಲ್ಲಿ ಸ್ಪ್ರಿಂಗ್ ಸ್ಕ್ರೂ ಇರುತ್ತದೆ, ಜೋರಾಗಿ ಒತ್ತುತ್ತದೆ. ಜಾಸ್ತಿ ಇದ್ದಿದ್ದು ತಾನೇ ಪಕ್ಕಕ್ಕೆ ಬರುತ್ತದೆ. ಕರೆಂಟ್ ಹರಿಯದ ಪೇಸ್ಟ್ ಆದರೆ ಗಲೀಜು ಬಿಟ್ಟು ಬೇರೆ ತೊಂದರೆ ಇಲ್ಲ. ಕಮ್ಮಿ ಹಾಕಿ ಮೂಲೆ ಖಾಲಿ ಬಿಟ್ಟವರೇ ನನ್ನ ಹತ್ತಿರ ಜಾಸ್ತಿ ಬರುವುದು. ಅದರಲ್ಲೂ ಈ 3600 ಒಳಗೆ ಬಿಸಿಯಾಗುವ ಚಿಪ್ ಸರಿಯಾಗಿ ನಡುವೆ ಇಲ್ಲ, ಒಂದು ಪಕ್ಕಕ್ಕಿದೆ. ನಡುವೆ ಮಾತ್ರ ಪೇಸ್ಟ್ ಕೂತರೆ ಸಾಲದು.

ಮೈಕಾ_ಮಾಮ · ಶುಕ್ರವಾರ, ಸಂಜೆ 6:25

ಸ್ಪ್ರಿಂಗ್ ವಿಷಯ ಒಪ್ಪಿದೆ ಮಗಳೇ. ಹಾಗಾದರೆ ಅಳತೆ ಹೇಳು.

ಎಸ್‌ಪಿ_ರೋಡ್_ಸುತ್ತಾಟ · ಶುಕ್ರವಾರ, ಸಂಜೆ 6:40

ಬಟಾಣಿ ಗಾತ್ರ ಅಂತಾರೆ ಎಲ್ಲರೂ.

ಮೈಕಾ_ಮಾಮ · ಶುಕ್ರವಾರ, ಸಂಜೆ 6:42

ಹಸಿ ಬಟಾಣಿಯೋ, ಒಣ ಬಟಾಣಿಯೋ, ನೆನೆಸಿದ್ದೋ?

ಲೆಕ್ಕದ_ಮೇಷ್ಟ್ರು · ಶುಕ್ರವಾರ, ಸಂಜೆ 7:20

ಇದಕ್ಕೂ ಲೆಕ್ಕ ಇದೆ. ಪ್ರೊಸೆಸರ್ ಮುಚ್ಚಳದ ಉದ್ದಗಲ ನಾಲ್ಕು ಸೆಂಟಿಮೀಟರ್‌ಗೆ ಸ್ವಲ್ಪ ಕಮ್ಮಿ. 1400 ಚದರ ಮಿಲಿಮೀಟರ್ ಅನ್ನಿ. 0.05 ಮಿ.ಮೀ. ಪದರಕ್ಕೆ 70 ಘನ ಮಿಲಿಮೀಟರ್ ಪೇಸ್ಟ್ ಬೇಕು. ಅದನ್ನು ಉಂಡೆ ಕಟ್ಟಿದರೆ ಅಡ್ಡಳತೆ 5 ಮಿ.ಮೀ. ಆಗುತ್ತದೆ. ಹಸಿ ಬಟಾಣಿ 8–9 ಮಿ.ಮೀ. ಇರುತ್ತದೆ, ಜಾಸ್ತಿಯಾಯಿತು. ಒಡೆಯದ ತೊಗರಿಕಾಳು ಸರಿಯಾದ ಅಳತೆ. ಪ್ರಶ್ನೆ ಕೇಳಿದವರ ಹೆಸರಲ್ಲೇ ಉತ್ತರ ಇತ್ತು.

ಎಂಎಕ್ಸ್-4ರ ಸಾಂದ್ರತೆ 2.5. ಒಂದು ಸಲಕ್ಕೆ 0.18 ಗ್ರಾಂ ಬೀಳುತ್ತದೆ. 4 ಗ್ರಾಂ ಸಿರಿಂಜ್‌ನಲ್ಲಿ ಇಪ್ಪತ್ತು ಸಲ ಹಾಕಬಹುದು.

ತೊಗರಿ_ಕಣಜ · ಶನಿವಾರ, ಬೆಳಿಗ್ಗೆ 11:05

ತೊಗರಿ ಕಣಜದವರಿಗೆ ಬಟಾಣಿ ಯಾಕೆ ಹೇಳ್ತೀರಿ ಅಂತ ನಾನೇ ಕೇಳಬೇಕು ಅಂತಿದ್ದೆ!

ನಿನ್ನೆ ಸಂಜೆ ಧೂಳು ಹೊಡೆದೆ. ಪಕ್ಕದ ಟೈರ್ ಅಂಗಡಿಯವರ ಗಾಳಿ ಪೈಪು ಕೇಳಿದೆ. ಅಕ್ಕ ಬ್ಲೋವರ್ ಅಂದಿದ್ದು ನೆನಪಿಗೆ ಬಂತು, ಆ ಪೈಪಿನಲ್ಲಿ ನೀರು ಕೂಡ ಬರುತ್ತದೆ ಅಂತ ಅವರೇ ಹೇಳಿದರು. ಬಿಟ್ಟೆ. ಬ್ರಷ್ಷಿನಲ್ಲೇ ಮುಕ್ಕಾಲು ಗಂಟೆ ಕೂತು ತೆಗೆದೆ. ಒಂದು ಹಿಡಿ ಬಂತು. ಫಲಿತಾಂಶ: ಅದೇ ಫೈಲು, ರೂಮಿನಲ್ಲಿ 38 ಡಿಗ್ರಿ, ಪ್ರೊಸೆಸರ್ 87. ಸ್ಪೀಡು 3.9ರಲ್ಲೇ ನಿಂತಿದೆ. ಪೇಸ್ಟ್ ಮುಟ್ಟಿಯೇ ಇಲ್ಲ!

ಈಗಷ್ಟೇ ಎಂಎಕ್ಸ್-4 ಪಾರ್ಸೆಲ್ ಬಂತು. ಹಾಕಲಾ?

ಎಸ್‌ಪಿ_ರೋಡ್_ಸುತ್ತಾಟ · ಶನಿವಾರ, ಬೆಳಿಗ್ಗೆ 11:20

ನನ್ನ ಮಾತು ಕೇಳಿದರೆ ಈಗ ಬೇಡ. 95ಕ್ಕೆ 8 ಡಿಗ್ರಿ ಕೆಳಗಿದೆ, ಸ್ಪೀಡು ಇಳಿಯುತ್ತಿಲ್ಲ. ನಾಲ್ಕು ಮದುವೆ ಮುಗಿಸಿ, ಮಳೆ ಶುರುವಾದ ಮೇಲೆ ಆರಾಮಾಗಿ ಬಿಚ್ಚಿ.

ಬಿಚ್ಚಿದ_ಲ್ಯಾಪ್‌ಟಾಪ್ · ಶನಿವಾರ, ಬೆಳಿಗ್ಗೆ 11:32

ನಾನೂ ಅದನ್ನೇ ಹೇಳುತ್ತೇನೆ. ಆದರೆ ಹೊಸ ಪೇಸ್ಟ್ ಕೈಯಲ್ಲಿದ್ದರೆ ಸುಮ್ನೆ ಕೂರುವುದಿಲ್ಲ ನೀವು, ನನಗೆ ಗೊತ್ತು. ಹಾಗಾಗಿ ಬರೆದಿಡುತ್ತೇನೆ, ಗಮನ ಕೊಟ್ಟು ಓದಿ. ಹಾಕುವುದಕ್ಕಿಂತ ತೆಗೆಯುವಾಗಲೇ ಅನಾಹುತ ಆಗುವುದು.

ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗಕ್ಕೆ ಸಾಕೆಟ್ ಅಂತಾರೆ, ನಿಮ್ಮದು ಎಎಂ4 ಸಾಕೆಟ್. ಪಿನ್‌ಗಳು ಪ್ರೊಸೆಸರಿನಲ್ಲಿವೆ, 1331 ಪಿನ್. ಸಾಕೆಟ್ಟಿನ ಲಿವರ್ ಆ ಪಿನ್‌ಗಳನ್ನು ಪಕ್ಕದಿಂದ ಹಿಡಿದಿರುತ್ತದೆ, ಮೇಲೆ ಒತ್ತಿಹಿಡಿಯುವ ಚೌಕಟ್ಟು ಇಲ್ಲ. ಐದಾರು ವರ್ಷದ ಪೇಸ್ಟ್ ಗೋಂದಿನ ಹಾಗೆ ಕಚ್ಚಿರುತ್ತದೆ. ನೇರವಾಗಿ ಮೇಲಕ್ಕೆ ಎಳೆದರೆ ಲಿವರ್ ಹಾಕಿದ ಹಾಗೇ ಇದ್ದರೂ ಪ್ರೊಸೆಸರ್ ಕೂಲರಿಗೆ ಅಂಟಿಕೊಂಡು ಕಿತ್ತುಬರುತ್ತದೆ, ಪಿನ್ ಬಾಗುತ್ತದೆ. ಇಂಟೆಲ್‌ನ ಇತ್ತೀಚಿನವುಗಳಲ್ಲಿ ಮತ್ತು 2022ರ ನಂತರದ ಎಎಂ5ನಲ್ಲಿ ಈ ಪಜೀತಿ ಇಲ್ಲ. ಅಲ್ಲಿ ಪಿನ್ ಸಾಕೆಟ್ಟಿನಲ್ಲಿ, ಪ್ರೊಸೆಸರ್ ಮೇಲೆ ಲೋಹದ ಚೌಕಟ್ಟು.

ಮೊದಲು ರೆಂಡರ್ ಹಾಕಿ ಹತ್ತು ನಿಮಿಷ ಬಿಸಿ ಮಾಡಿ. ಪೇಸ್ಟ್ ಮೆತ್ತಗಾಗಬೇಕು. ಶಟ್‌ಡೌನ್ ಮಾಡಿ, ವೈರ್ ತೆಗೆದು, ಪೆಟ್ಟಿಗೆಯನ್ನು ಅಡ್ಡ ಮಲಗಿಸಿ. ನಾಲ್ಕು ಸ್ಕ್ರೂಗಳನ್ನು ಎದುರು ಬದುರು ಮೂಲೆಯಿಂದ ಸ್ವಲ್ಪ ಸ್ವಲ್ಪ ಸಡಿಲಿಸಿ. ನಾಲ್ಕೂ ಬಿಟ್ಟ ಮೇಲೆ ಬೋರ್ಡಿನ ಹಿಂದಿನ ಲೋಹದ ಪಟ್ಟಿ ಬಿದ್ದುಹೋಗಬಹುದು, ಹಿಂದಿನಿಂದ ಒಂದು ಕೈ ಕೊಡಿ. ಈಗ ಕೂಲರನ್ನು ಎತ್ತಬೇಡಿ. ಜಾಮ್ ಬಾಟಲಿಯ ಮುಚ್ಚಳ ತಿರುಗಿಸುವ ಹಾಗೆ ಎಡಕ್ಕೆ ಬಲಕ್ಕೆ ಮೆಲ್ಲಗೆ ಹೊರಳಿಸಿ. ಮೊದಲು ಅಲುಗುವುದೇ ಇಲ್ಲ. ಆಮೇಲೆ ಚೂರು, ಆಮೇಲೆ ಜಾರುತ್ತದೆ. ಜಾರಿದ ಮೇಲೆ ಮಾತ್ರ ಎತ್ತಿ. ಬಿಸಿ ಆರಿದ್ದರೆ ಮತ್ತೆ ಬಿಸಿ ಮಾಡಿ, ಹಟ ಮಾಡಬೇಡಿ.

ಮಂಗಳೂರು_ಸೆಕೆ · ಶನಿವಾರ, ಮಧ್ಯಾಹ್ನ 12:50

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಗೇಮಿಂಗ್ ಲ್ಯಾಪ್‌ಟಾಪಿಗೆ ವರ್ಷಕ್ಕೊಮ್ಮೆ ಪೇಸ್ಟ್ ಬದಲಿಸುತ್ತಿದ್ದೇನೆ. ಆರು ತಿಂಗಳು ಚೆನ್ನಾಗಿರುತ್ತದೆ, ಮತ್ತೆ ಮೊದಲಿನ ಹಾಗೆ. ಒರೆಸಲಿಕ್ಕೆ ಸ್ಯಾನಿಟೈಸರ್ ಬಳಸುತ್ತೇನೆ. ಅದೇ ಕಾರಣವಾ?

ಬಿಚ್ಚಿದ_ಲ್ಯಾಪ್‌ಟಾಪ್ · ಶನಿವಾರ, ಮಧ್ಯಾಹ್ನ 2:15

ಅದೇ ಕಾರಣ ಅಲ್ಲ, ಆದರೂ ಬಿಡಿ. ಕೈ ಒಣಗದಿರಲಿ ಅಂತ ಸ್ಯಾನಿಟೈಸರಿಗೆ ಗ್ಲಿಸರಿನ್ ಹಾಕಿರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲೇ 1.45 ಶೇಕಡಾ ಇದೆ. ಅದು ಹಾರಿಹೋಗುವುದಿಲ್ಲ, ಲೋಹದ ಮೇಲೆ ಪೊರೆಯಾಗಿ ಉಳಿಯುತ್ತದೆ. ಸೀಮೆಎಣ್ಣೆಯದ್ದೂ ಅದೇ ಕತೆ, ಜಿಡ್ಡು. ನೇಲ್‌ಪಾಲಿಶ್ ರಿಮೂವರ್ ಪ್ಲಾಸ್ಟಿಕ್ ತಿನ್ನುತ್ತದೆ. ಲ್ಯಾಬ್ ಕೆಮಿಕಲ್ ಮಾರುವವರ ಹತ್ತಿರ ಐಸೊಪ್ರೊಪೈಲ್ ಆಲ್ಕೊಹಾಲ್ ಕೇಳಿ, 99 ಶೇಕಡಾದ್ದು. ಐಪಿಎ ಅಂದರೆ ಕೊಡುತ್ತಾರೆ. ಕಿಟಕಿ ತೆರೆದಿಡಿ, ದೀಪದ ಹತ್ತಿರ ಬೇಡ.

ಹೊರದೇಶದವರು ಕಾಫಿ ಫಿಲ್ಟರ್ ಪೇಪರಿನಿಂದ ಒರೆಸಿ ಅಂತಾರೆ, ಎಳೆ ಬಿಡುವುದಿಲ್ಲ ಅಂತ. ನಮ್ಮ ಫಿಲ್ಟರಿಗೆ ಪೇಪರ್ ಎಲ್ಲಿದೆ, ಸ್ಟೀಲಿಂದು! ಕನ್ನಡಕ ಒರೆಸುವ ಬಟ್ಟೆ ಸಾಕು. ಹಳೇ ಬನಿಯನ್ ಬೇಡ, ಎಳೆ ಬಿಡುತ್ತದೆ.

ನಿಮ್ಮ ನಿಜವಾದ ತೊಂದರೆ ಬೇರೆ. ಲ್ಯಾಪ್‌ಟಾಪ್ ಪ್ರೊಸೆಸರಿಗೆ ಲೋಹದ ಮುಚ್ಚಳ ಇರುವುದಿಲ್ಲ, ಚಿಪ್ಪಿನ ಮೇಲೇ ಹೀಟ್‌ಸಿಂಕ್. ಜಾಗ ಚಿಕ್ಕದು. ಮೇಷ್ಟ್ರ ಲೆಕ್ಕದಲ್ಲಿ 500ರ ಬದಲು 150 ಹಾಕಿ ನೋಡಿ, ಪೇಸ್ಟಿನ ಗುಣ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಗೇಮ್ ಆಡಿದಾಗ ಬಿಸಿ, ನಿಲ್ಲಿಸಿದಾಗ ತಂಪು. ಹಿಗ್ಗಿ ಕುಗ್ಗಿ ತೆಳುವಾದ ಪೇಸ್ಟ್ ಅಂಚಿಗೆ ಸರಿದುಬಿಡುತ್ತದೆ. ಬಿಚ್ಚಿದಾಗ ನಡುವೆ ಬೋಳು, ಸುತ್ತ ಕಟ್ಟೆ ಕಂಡಿರಬೇಕಲ್ವಾ? ಗಟ್ಟಿ ಪೇಸ್ಟ್ ಹಾಕಿ. ಇಲ್ಲವೇ ಹನಿವೆಲ್ ಪಿಟಿಎಂ7950 ಹಾಳೆ. ತಣ್ಣಗಿದ್ದಾಗ ಮೇಣದ ಹಾಗೆ ಗಟ್ಟಿ, 45 ಡಿಗ್ರಿ ಹತ್ತಿರ ಕರಗಿ ತಗ್ಗಿಗೆ ಕೂರುತ್ತದೆ, ಸರಿಯುವುದಿಲ್ಲ. ಮತ್ತೆ, ಮೆಮೊರಿ ಚಿಪ್ ಮೇಲಿನ ರಬ್ಬರಿನಂಥ ಪ್ಯಾಡ್ ತೆಗೆದು ಅಲ್ಲಿ ಪೇಸ್ಟ್ ಹಚ್ಚಬೇಡಿ. ಅಲ್ಲಿ ಒಂದು ಮಿಲಿಮೀಟರ್ ಸಂದಿ ಇದ್ದರೆ ಪೇಸ್ಟ್ ಅದನ್ನು ತುಂಬಲಾರದು.

ತೊಗರಿ_ಕಣಜ · ಶನಿವಾರ, ರಾತ್ರಿ 9:50

ಅಕ್ಕ. ಅಣ್ಣ. ಯಾರಾದರೂ ಇದ್ದೀರಾ?

ಕಿತ್ತುಬಂತು.

ಎಸ್‌ಪಿ_ರೋಡ್_ಸುತ್ತಾಟ · ಶನಿವಾರ, ರಾತ್ರಿ 9:52

ಅಯ್ಯೋ. ಏನಾಯಿತು? ಮೊದಲು ಅದನ್ನು ಟೇಬಲ್ ಮೇಲೆ ಇಡಿ, ಪಿನ್ ಮೇಲಕ್ಕೆ ಇರಲಿ.

ತೊಗರಿ_ಕಣಜ · ಶನಿವಾರ, ರಾತ್ರಿ 10:04

ಅಕ್ಕ ಹೇಳಿದ ಹಾಗೇ ರೆಂಡರ್ ಹಾಕಿ ಬಿಸಿ ಮಾಡಿದೆ. ಆರು ನಿಮಿಷ ಆಗಿತ್ತು, ಕರೆಂಟ್ ಹೋಯಿತು. ಬರುತ್ತದೆ ಅಂತ ಕಾದೆ. ಒಂದೂವರೆ ಗಂಟೆ ಬರಲಿಲ್ಲ. ಆರಿದ್ದರೆ ಹಟ ಮಾಡಬೇಡಿ ಅಂತ ಓದಿದ್ದೆ. ಆದರೆ ಸ್ಕ್ರೂ ಆಗಲೇ ಬಿಚ್ಚಿಯಾಗಿತ್ತು, ಅಪ್ಪ ಟಾರ್ಚ್ ಹಿಡಿದು ನಿಂತಿದ್ದರು, ‘ಎಷ್ಟೊತ್ತು ಹಿಡೀಲಿ’ ಅಂದರು. ಎರಡು ಸಲ ಹೊರಳಿಸಿದೆ, ಅಲುಗಲಿಲ್ಲ. ಸ್ವಲ್ಪ ಎತ್ತಿದೆ. ಟಪ್ ಅಂತು. ಕೂಲರಿನ ತಳದಲ್ಲಿ ಪ್ರೊಸೆಸರ್ ಜಿಗಣೆ ಥರ ಕಚ್ಚಿಕೊಂಡಿದೆ. ಟಾರ್ಚಿಗೆ ಪಿನ್‌ಗಳು ಚಿನ್ನದ ಹಾಗೆ ಹೊಳೆಯುತ್ತಿವೆ. ಒಂದು ಮೂಲೆಯಲ್ಲಿ ಐದೋ ಆರೋ ಮಲಗಿವೆ.

ಬಿಚ್ಚಿದ_ಲ್ಯಾಪ್‌ಟಾಪ್ · ಶನಿವಾರ, ರಾತ್ರಿ 10:11

ಗಾಬರಿ ಬೇಡ. ಮುರಿದಿಲ್ಲ ತಾನೆ? ಬಾಗಿದ್ದರೆ ಸರಿಯಾಗುತ್ತದೆ. ನಾನು ಕಲಿಯುವಾಗ ನನ್ನ ಕೈಯಲ್ಲೂ ಒಂದು ಬಂದಿತ್ತು.

ಮೊದಲು ಕೂಲರಿನಿಂದ ಬಿಡಿಸಬೇಕು. ಸ್ಕ್ರೂಡ್ರೈವರ್ ಸಂದಿಗೆ ಹಾಕಿ ಮೀಟಬೇಡಿ. ಕರೆಂಟ್ ಬಂದ ಮೇಲೆ ಹೇರ್ ಡ್ರೈಯರ್‌ನಿಂದ ಕೂಲರಿನ ರೆಕ್ಕೆಗಳನ್ನು ಬಿಸಿ ಮಾಡಿ. ಪ್ರೊಸೆಸರಿನ ಅಂಚುಗಳನ್ನು ಎರಡೂ ಕೈಯಿಂದ ಹಿಡಿದು, ಪಿನ್ ಮುಟ್ಟದೆ, ಅದೇ ಥರ ಹೊರಳಿಸಿ. ಇಲ್ಲವೇ ಹಲ್ಲಿನ ಸಂದಿಗೆ ಬಳಸುವ ಫ್ಲಾಸ್ ದಾರವನ್ನು ನಡುವೆ ಹಾಕಿ ಗರಗಸದ ಹಾಗೆ ಎಳೆಯಿರಿ.

ಪಿನ್ ನೆಟ್ಟಗೆ ಮಾಡಲಿಕ್ಕೆ 0.5ರ ಪೆನ್ ಪೆನ್ಸಿಲ್ ತಗೊಳ್ಳಿ. ಸೀಸ ಪೂರ್ತಿ ತೆಗೆದುಬಿಡಿ, ಸೀಸದ ಪುಡಿಯಲ್ಲಿ ಕರೆಂಟ್ ಹರಿಯುತ್ತದೆ. ಅದರ ತೂತಿನ ತುದಿಯನ್ನು ಬಾಗಿದ ಪಿನ್ನಿಗೆ ತೊಡಿಸಿ ಮೆಲ್ಲಗೆ ಎತ್ತಿ. ಒಂದೇ ಸಲಕ್ಕೆ ನೆಟ್ಟಗೆ ಮಾಡಬೇಡಿ. ಹಿಂದೆ ಮುಂದೆ ಆಡಿಸಿದರೆ ಮುರಿಯುತ್ತದೆ. ಆಮೇಲೆ ಹಳೇ ಎಟಿಎಂ ಕಾರ್ಡಿನ ಅಂಚನ್ನು ಸಾಲುಗಳ ನಡುವೆ ಹಾಯಿಸಿ. ಎಲ್ಲ ಸಾಲಿನಲ್ಲೂ ಉದ್ದ ಅಡ್ಡ ಎರಡೂ ಕಡೆಯಿಂದ ಸಲೀಸಾಗಿ ಹೋದರೆ ಸರಿಯಾಗಿದೆ ಅಂತ ಅರ್ಥ. ಈಗ ಬೇಡ, ಬೆಳಕಿನಲ್ಲಿ ಮಾಡಿ. ಮಲಗಿ.

ಮೈಕಾ_ಮಾಮ · ಶನಿವಾರ, ರಾತ್ರಿ 10:30

ತಮ್ಮಾ, ಬೆಳಿಗ್ಗೆ ಎದ್ದು ಚಾ ಕುಡಿದು, ಕೈ ನಡುಗದೇ ಇದ್ದರೆ ಮಾತ್ರ ಕೂರು. ಟಾರ್ಚ್ ಹಿಡಿಯುವವರನ್ನು ಹತ್ತಿರ ಸೇರಿಸಬೇಡ.

ತೊಗರಿ_ಕಣಜ · ಭಾನುವಾರ, ಮಧ್ಯಾಹ್ನ 3:35

ಬದುಕಿದೆ!

ಬೆಳಿಗ್ಗೆ ಆರಕ್ಕೆ ಮಾಳಿಗೆ ಮೇಲೆ ಕೂತೆ. ಬಾಗಿದ್ದು ಏಳು ಪಿನ್. ಅಮ್ಮನ ಓದುವ ಕನ್ನಡಕ ಹಾಕಿಕೊಂಡೆ, ದೊಡ್ಡದಾಗಿ ಕಾಣುತ್ತದೆ. ಒಂದೊಂದು ಪಿನ್ನಿಗೆ ಐದೈದು ನಿಮಿಷ. ಕೊನೆಯದು ಪಕ್ಕದ ಪಿನ್ ಮೇಲೇ ಒರಗಿತ್ತು. ಅದಕ್ಕೆ ಸೂಜಿಯಿಂದ ಸಂದಿ ಮಾಡಿ ಆಮೇಲೆ ಪೆನ್ಸಿಲ್ ತೊಡಿಸಿದೆ. ಲಿವರ್ ಎತ್ತಿ, ಮೂಲೆಯ ಬಂಗಾರದ ತ್ರಿಕೋನ ನೋಡಿಕೊಂಡು ಇಟ್ಟೆ. ಒತ್ತಲಿಲ್ಲ. ತಾನೇ ಇಳಿದು ಕೂತಿತು. ಆ ಸದ್ದಿಲ್ಲದ ಇಳಿಯುವಿಕೆ ನೋಡಿ ಕಣ್ಣಲ್ಲಿ ನೀರು ಬಂತು ಅಂದರೆ ನಗಬೇಡಿ.

ಹಳೇ ಪೇಸ್ಟ್ ಒಣಗಿದ ವಿಭೂತಿಯ ಹಾಗಿತ್ತು. ಮೊದಲು ಒಣ ಟಿಶ್ಯೂನಿಂದ ದಪ್ಪಗಿದ್ದಿದ್ದು ತೆಗೆದು, ಆಮೇಲೆ ಐಪಿಎ. ಮೂರು ಸಲ ಒರೆಸಿದ ಮೇಲೆ ಬಟ್ಟೆ ಬೆಳ್ಳಗೆ ಬಂತು. ನಡುವೆ ತೊಗರಿಕಾಳಿನಷ್ಟು ಎಂಎಕ್ಸ್-4 ಇಟ್ಟು, ಕೂಲರ್ ನೇರವಾಗಿ ಇಳಿಸಿ, ಸ್ಕ್ರೂಗಳನ್ನು ಎದುರು ಬದುರು ಬಿಗಿದೆ.

ರೂಮಿನಲ್ಲಿ 38. ಅದೇ ಫೈಲು. ಪ್ರೊಸೆಸರ್ 84.

ಲೆಕ್ಕದ_ಮೇಷ್ಟ್ರು · ಭಾನುವಾರ, ಮಧ್ಯಾಹ್ನ 3:50

ಅಂದರೆ ಬ್ರಷ್ಷಿಗೆ 8 ಡಿಗ್ರಿ, ಪೇಸ್ಟ್‌ಗೆ 3.

ತೊಗರಿ_ಕಣಜ · ಭಾನುವಾರ, ಮಧ್ಯಾಹ್ನ 3:52

ಗೊತ್ತು ಸರ್. ಬೆಳಿಗ್ಗೆಯಿಂದ ಅಪ್ಪನೂ ಅದನ್ನೇ ಹೇಳುತ್ತಿದ್ದಾರೆ.

ಓವರ್‌ಕ್ಲಾಕ್_ಪುಟ್ಟ · ಭಾನುವಾರ, ಸಂಜೆ 4:10

ಅಣ್ಣ, ಮಿಕ್ಕ 3.8 ಗ್ರಾಂ ಏನು ಮಾಡ್ತೀಯಾ? ನನಗೆ ಕಳಿಸು.

ತೊಗರಿ_ಕಣಜ · ಭಾನುವಾರ, ಸಂಜೆ 4:25

ಮುಚ್ಚಳ ಗಟ್ಟಿಯಾಗಿ ಹಾಕಿ ಕಪಾಟಿನಲ್ಲಿಟ್ಟಿದ್ದೇನೆ. ಪಕ್ಕದ ಸ್ಟುಡಿಯೋದವರ ಕಂಪ್ಯೂಟರ್ ಕೂಡ ಕೂಗುತ್ತಿದೆಯಂತೆ. ನಾಳೆ ಬ್ರಷ್ ತಗೊಂಡು ಹೋಗುತ್ತೇನೆ.

ಅಳತೆ ಕೇಳಿದವರಿಗಾಗಿ ಒಂದು ಫೋಟೋ ಹಾಕಿದ್ದೇನೆ. ಒರೆಸಿದ ಪ್ರೊಸೆಸರ್ ಮೇಲೆ ಎಡಗಡೆ ಪೇಸ್ಟ್, ಬಲಗಡೆ ನಮ್ಮ ಹೊಲದ ತೊಗರಿಕಾಳು. ಎರಡೂ ಒಂದೇ ಗಾತ್ರ.

ಮೈಕಾ_ಮಾಮ · ಭಾನುವಾರ, ಸಂಜೆ 4:31

ಕೂಲರ್ ಇಳಿಸುವ ಮೊದಲು ಆ ಕಾಳು ತೆಗೆದೆ ತಾನೆ?

ತೊಗರಿ_ಕಣಜ · ಭಾನುವಾರ, ಸಂಜೆ 4:33

ತೆಗೆದೆ ಮಾಮ. ಎರಡು ಸಲ ನೋಡಿ ತೆಗೆದೆ.